ತುಟಿ ಮುಚ್ಚುವ ಅಕ್ಷರ

“ಇನ್ನೊಂದ್ಸಲ ಹಾಕಿ,” ಅಂದರು ಇನ್‌ಸ್ಪೆಕ್ಟರಮ್ಮ.

ಇದು ಐದನೇ ಸಲ. ಡಬ್ಬಿಂಗ್ ಕೋಣೆಯ ದೊಡ್ಡ ಪರದೆಯ ಮೇಲೆ ‘ಮೂರನೇ ಕೀಲಿ’ ಧಾರಾವಾಹಿಯ ಕೊಲೆಗಾರ ಮತ್ತೆ ಬೆನ್ನು ತೋರಿಸಿ ನಿಂತ. ಅವನ ಮುಂದೆ ಮುಚ್ಚಿದ ಬಾಗಿಲು. ಸ್ಪೀಕರಿನಿಂದ ಗಡಸು ದನಿ ತಣ್ಣಗೆ ಬಂತು: “ಕದ ತಟ್ಟಬೇಡ. ಒಳಗೆ ಯಾರೂ ಇಲ್ಲ.”

ಇನ್‌ಸ್ಪೆಕ್ಟರಮ್ಮ ಕೈ ಎತ್ತಿದರು. ಸೌಂಡ್ ಎಂಜಿನಿಯರ್ ಚಿತ್ರ ನಿಲ್ಲಿಸಿದ. ಅವರು ಬ್ಯಾಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಎರಡು ಬೆರಳಲ್ಲಿ, ಸೀರಿಯಲ್ಲಿನ ಮಾತು ಬರೆಯುವ ‘ತುಟಿ ಟೀಚರ್’ ಕಡೆ ಸರಿಸಿದರು. ಕವರಿನೊಳಗೆ ಬಿಳಿ ಹಾಳೆ. ಅದರ ಮೇಲೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಮುದ್ರಿಸಿದ ಒಂದೇ ಸಾಲು. ಮಂಗಳವಾರ ಸಂಜೆ ಡಬ್ಬಿಂಗ್ ನಿರ್ದೇಶಕಿ ಮೇಡಂ ತಲೆಗೆ ಪೆಟ್ಟು ಬಿದ್ದು ಹೆಣವಾಗಿ ಸಿಕ್ಕಾಗ, ಅವರ ಮನೆಯ ಟಿವಿಯ ಮೇಲೆ ಅಂಟಿಸಿದ್ದ ಹಾಳೆ ಅದು.

“ಓದಿ.”

“ಬುಧವಾರವೇ ಓದಿದೀನಲ್ಲ.”

“ಗಟ್ಟಿಯಾಗಿ ಓದಿ.”

ಟೀಚರ್ ಗಂಟಲು ಸರಿಮಾಡಿಕೊಂಡಳು. “ಬಾಗಿಲು ಬಡಿಯಬೇಡ. ಮನೆಯಲ್ಲಿ ಯಾರೂ ಇಲ್ಲ.”

“ಈಗ ಹೇಳಿ. ಎರಡೂ ಒಂದೇನಾ?”

ಒಂದಲ್ಲ ಎಂಬುದು ಟೀಚರಿಗೆ ಬುಧವಾರ ಹಾಳೆ ನೋಡಿದ ಮರುಗಳಿಗೆಯೇ ಗೊತ್ತಾಗಿತ್ತು. ಹೆತ್ತವಳಿಗೆ ಮಗುವಿನ ಮಚ್ಚೆ ಎಲ್ಲಿದೆ ಎಂದು ಯಾರಾದರೂ ಹೇಳಿಕೊಡಬೇಕೇ? ಎರಡೂ ಅವಳೇ ಬರೆದ ಸಾಲುಗಳು. ಆದರೂ ಅವತ್ತು ಇನ್‌ಸ್ಪೆಕ್ಟರಮ್ಮ “ಇದು ನಿಮ್ಮ ಸೀರಿಯಲ್ ಡೈಲಾಗಾ?” ಎಂದು ಕೇಳಿದ್ದಕ್ಕೆ “ಹೌದು” ಅಂದುಬಿಟ್ಟಿದ್ದಳು. ಆ ಒಂದು ಮಾತಿಗೆ ಒಬ್ಬ ಮನುಷ್ಯ ಎರಡು ದಿನದಿಂದ ಲಾಕಪ್ಪಿನಲ್ಲಿದ್ದಾನೆ.

ಆ ಮನುಷ್ಯ ಮೇಡಂ ಇದ್ದ ಅಪಾರ್ಟ್‌ಮೆಂಟಿನ ಕಾವಲುಗಾರ. ಎಲ್ಲ ಮನೆಗಳ ಬದಲಿ ಕೀಲಿ ಅವನ ಹತ್ತಿರ. ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಫೋನಿನಲ್ಲಿ ‘ಮೂರನೇ ಕೀಲಿ’ ನೋಡುವುದೇ ಅವನ ದಿನಚರಿ. ಮೂರು ಸೀಸನ್ನನ್ನೂ ನಾಲ್ಕು ನಾಲ್ಕು ಸಲ ನೋಡಿದ್ದ. ಕೆಲಸದ ಹೊತ್ತಿನಲ್ಲಿ ಸೀರಿಯಲ್ ನೋಡುತ್ತಾನೆ ಎಂದು ಮೇಡಮ್ಮೇ ಅಪಾರ್ಟ್‌ಮೆಂಟಿನ ಸಂಘಕ್ಕೆ ದೂರು ಕೊಟ್ಟಿದ್ದರು. ತಾನು ಡಬ್ ಮಾಡಿಸಿದ ಸೀರಿಯಲ್ಲನ್ನು ನೋಡಿದ್ದಕ್ಕೇ ದೂರು ಕೊಡುವವರೂ ಲೋಕದಲ್ಲಿರುತ್ತಾರೆ, ಏನು ಮಾಡೋಣ! ಕೀಲಿ ಇದೆ, ಜಗಳ ಇದೆ, ಹಾಳೆಯ ಮೇಲೆ ಅವನ ಮೆಚ್ಚಿನ ಸೀರಿಯಲ್ಲಿನ ಮಾತಿದೆ. ಪೊಲೀಸರಿಗೆ ಇನ್ನೇನು ಬೇಕು?

“ಈ ವ್ಯತ್ಯಾಸ ನನಗೆ ಹೇಳಿದ್ದು ಯಾರು ಗೊತ್ತಾ? ಅದೇ ಕಾವಲುಗಾರ,” ಅಂದರು ಇನ್‌ಸ್ಪೆಕ್ಟರಮ್ಮ. “ಎರಡು ದಿನದಿಂದ ಒಂದೇ ರಾಗ. ‘ಅಮ್ಮಾ, ಇದು ಡೈಲಾಗೇ ಅಲ್ಲ. ಎರಡನೇ ಸೀಸನ್ನು, ಆರನೇ ಕಂತು, ಕದ ತಟ್ಟಬೇಡ ಅಂತಿದೆ. ನಾನೇ ಬರ್ದಿದ್ರೆ ತಪ್ಪು ಬರೀತಿದ್ನಾ?’ ಅಂತ. ಕೊಲೆ ಆರೋಪಕ್ಕಿಂತ ಡೈಲಾಗ್ ತಪ್ಪು ಹೇಳಿದ ಅನ್ನೋ ಆರೋಪಕ್ಕೇ ಅವನಿಗೆ ಹೆಚ್ಚು ಸಿಟ್ಟು. ಇವತ್ತು ಬೆಳಗ್ಗೆ ನಮ್ಮತ್ತೇನ ಕೇಳಿದೆ. ಅವರೂ ಕದ ತಟ್ಟಬೇಡ ಅಂತಲೇ ಅಂದ್ರು. ನಮ್ಮತ್ತೆ ನನ್ನ ಹುಟ್ಟಿದ ದಿನ ಮರೀತಾರೆ, ನಿಮ್ಮ ಸೀರಿಯಲ್ ಮರೆಯಲ್ಲ.”

ಎಂಜಿನಿಯರ್ ಕಿಸಕ್ಕೆಂದು ನಕ್ಕು, ನಗಬಾರದ ಜಾಗವೆಂದು ನೆನಪಾಗಿ ಕೆಮ್ಮಿದ.

ಟೀಚರ್ ಕವರನ್ನು ಇನ್‌ಸ್ಪೆಕ್ಟರಮ್ಮನ ಕಡೆ ವಾಪಸು ಸರಿಸಿದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

“ಹಾಳೇಲಿರೋದು ನನ್ನ ಮೊದಲನೇ ಬರಹ,” ಅಂದಳು. “ಟಿವಿಗೆ ಹೋಗಿದ್ದು ಎರಡನೇದು.”

“ಅರ್ಥವಾಗೋ ಹಾಗೆ ಹೇಳಿ.”

“ನನ್ನನ್ನ ಇಲ್ಲಿ ಎಲ್ಲರೂ ತುಟಿ ಟೀಚರ್ ಅಂತ ಯಾಕೆ ಕರೀತಾರೆ ಗೊತ್ತಾ? ಪರಭಾಷೆಯ ಸೀರಿಯಲ್ ಬರುತ್ತೆ. ಅದರ ಮಾತನ್ನ ನಮ್ಮ ಭಾಷೆಗೆ ತರಬೇಕು. ಅರ್ಥ ಬಂದ್ರೆ ಸಾಲದು, ನಟನ ತುಟಿಗೂ ಹೊಂದಬೇಕು. ನಮ್ಮಲ್ಲಿ ಪ ಫ ಬ ಭ ಮ, ಈ ಐದು ಅಕ್ಷರಕ್ಕೆ ತುಟಿ ಮುಚ್ಚಲೇಬೇಕು. ಬೇರೆ ಯಾವುದಕ್ಕೂ ಹೀಗೆ ಮುಚ್ಚಲ್ಲ. ಅವನ ತುಟಿ ಮುಚ್ಚಿದ ಕಡೆ ಇವುಗಳಲ್ಲಿ ಒಂದು ಅಕ್ಷರ ಬರಬೇಕು. ಇಲ್ದಿದ್ರೆ ಮನೇಲಿ ನೋಡೋರಿಗೆ ಮಾತೊಂದು ಕಡೆ, ಬಾಯೊಂದು ಕಡೆ ಅನ್ಸುತ್ತೆ.”

ಇನ್‌ಸ್ಪೆಕ್ಟರಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡು ಮೆಲ್ಲಗೆ ಹೇಳಿ ನೋಡಿದರು. “ಬಾಗಿಲು... ಬಡಿಯ... ಬೇಡ. ಮನೆ. ನಾಲ್ಕು ಸಲ.”

“ನಾಲ್ಕು ಸಲ. ಕದ ತಟ್ಟಬೇಡ, ಒಳಗೆ ಅಂದ್ರೆ ಒಂದೇ ಸಲ. ಮೊದಲು ನಮಗೆ ಬಂದ ಕಚ್ಚಾ ಪ್ರತಿಯಲ್ಲಿ ಅವನ ಮುಖ ಪರದೆ ತುಂಬ ಇತ್ತು. ತುಟಿ ನಾಲ್ಕು ಸಲ ಮುಚ್ಚುತ್ತಿತ್ತು. ಅದಕ್ಕೆ ಹಾಗೆ ಬರೆದೆ. ಆಮೇಲೆ ಅವರು ಆ ದೃಶ್ಯಾನೇ ಬದಲಾಯಿಸಿ ಕಳಿಸಿದ್ರು. ಮುಖ ಹೋಗಿ ಬೆನ್ನು ಬಂತು. ತುಟಿಯೇ ಕಾಣಲ್ಲ ಅಂದ್ಮೇಲೆ ಇಷ್ಟುದ್ದ ಯಾಕೆ, ಚಿಕ್ಕದು ಮಾಡು ಅಂದ್ರು ಮೇಡಂ. ಮಾಡಿದೆ. ಹಳೇದನ್ನ ಅಳಿಸಿದ್ವಿ.”

“ಅಂದ್ರೆ ‘ಬಾಗಿಲು ಬಡಿಯಬೇಡ’ ಅನ್ನೋದು ಯಾವ ಮನೆ ಟಿವೀಲೂ ಬಂದಿಲ್ಲ.”

“ಇಲ್ಲ.”

“ಕೇಳಿದೋರು ಯಾರು ಯಾರು?”

ಉತ್ತರ ಕೊಟ್ಟಿದ್ದು ಎಂಜಿನಿಯರ್. ಪಾಪ, ಅವನಿಗೇನು ಗೊತ್ತು. “ಮೇಡಂ, ಟೀಚರ್, ನಾನು, ಆಮೇಲೆ ಕೊಲೆಗಾರನಿಗೆ ದನಿ ಕೊಟ್ಟ ಖಳಣ್ಣ. ನಾಲ್ಕೇ ಜನ.”

ಖಳಣ್ಣ ಎಂದರೆ ಊರಿನ ಕೊಲೆಗಾರರಿಗೆಲ್ಲ ದನಿ ಕೊಡುವವನು, ಹಲ್ಲಿ ಕಂಡರೆ ಕುರ್ಚಿ ಹತ್ತುವವನು.

ಇನ್‌ಸ್ಪೆಕ್ಟರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುತ್ತಲೇ ಕೇಳಿದರು. “ಬುಧವಾರ ಯಾಕೆ ಹೇಳ್ಲಿಲ್ಲ, ಟೀಚರ್?”

“ಹೆದರಿಕೆ ಆಯ್ತು. ನಾಲ್ಕೇ ಜನಕ್ಕೆ ಗೊತ್ತಿರೋ ಮಾತು. ಅದ್ರಲ್ಲಿ ನಾನೂ ಒಬ್ಬಳು.”

“ನಿಮಗೇಕೆ ಹೆದರಿಕೆ? ಮಂಗಳವಾರ ಮೇಡಂ ನೆಗಡಿ ಅಂತ ರಜಾ ಹಾಕಿದ್ರು. ಬೆಳಗ್ಗೆ ಹತ್ತಕ್ಕೆ ಪಕ್ಕದ ಮನೆಯೋರು ಅವರನ್ನ ನೋಡಿದಾರೆ, ಸಂಜೆ ಆರಕ್ಕೆ ಹೆಣ ನೋಡಿದಾರೆ. ಆ ಹತ್ತರಿಂದ ಆರರವರೆಗೆ ನೀವು, ಇವರು, ಆ ಖಳಣ್ಣ, ಮೂವರೂ ಇದೇ ಕೋಣೇಲಿ ರೆಕಾರ್ಡಿಂಗ್ ಮಾಡ್ತಿದ್ರಿ. ಊಟಾನೂ ಇಲ್ಲೇ. ನಾನು ವಿಚಾರಿಸಿದೀನಿ.” ಅವರು ಕನ್ನಡಕ ಹಾಕಿಕೊಂಡರು. “ಒಬ್ಬರು ಸತ್ತಿದಾರೆ. ಮೂವರು ಇಲ್ಲಿದ್ರಿ. ಹಾಳೆ ತಾನಾಗಿ ಹುಟ್ಟಿಕೊಳ್ಳಲ್ಲ. ಐದನೆಯವರು ಯಾರು?”

“ಗೊತ್ತಿಲ್ಲ,” ಅಂದಳು ಟೀಚರ್.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಅವಳಿಗೆ ತನ್ನ ದನಿಯೇ ಬೇರೆ ಯಾರೋ ಡಬ್ ಮಾಡಿದಂತೆ ಕೇಳಿಸಿತು.

“ಸರಿ. ಕಾವಲುಗಾರನನ್ನ ನಾಳೆ ಹನ್ನೊಂದಕ್ಕೆ ಮತ್ತೆ ಕೋರ್ಟಿಗೆ ಕರ್ಕೊಂಡು ಹೋಗ್ತೀವಿ. ಐದನೆಯವರು ಸಿಗದಿದ್ರೆ ನನ್ನ ಮೇಲಿನೋರಿಗೆ ಅವನೇ ಸಾಕು. ಅವನ ಪಾಳಿ ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡು. ಎರಡಕ್ಕೆ ಸಹಿ ಹಾಕಿ ಹೋಗಿದಾನೆ. ಅಷ್ಟರೊಳಗೆ ಮಾಡಿದಾನೆ ಅನ್ನೋದು ಅವರ ಲೆಕ್ಕ. ಡಾಕ್ಟರ್ ವರದಿ ಇವತ್ತು ಸಂಜೆ ಬರುತ್ತೆ. ನಿಮಗೆ ಏನಾದ್ರೂ ನೆನಪಾದ್ರೆ ಫೋನ್ ಮಾಡಿ.” ಬಾಗಿಲ ಹತ್ತಿರ ನಿಂತು ತಿರುಗಿದರು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆಯೋ ಕೆಲಸ ನನಗೆ ಇಷ್ಟ ಇಲ್ಲ, ಟೀಚರ್.”

ಐದನೆಯವಳು ಯಾರೆಂದು ಟೀಚರಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಸಾಲು ಬರೆಯುತ್ತಿದ್ದುದು ಮನೆಯ ಊಟದ ಮೇಜಿನ ಮೇಲೆ. ತನ್ನ ತುಟಿ ತನಗೆ ಕಾಣುವುದಿಲ್ಲ. ಕನ್ನಡಿ ಇಟ್ಟುಕೊಂಡರೆ ಕನ್ನಡಿ ನೋಡಬೇಕೋ ಚಿತ್ರ ನೋಡಬೇಕೋ? ಅದಕ್ಕೇ ಎದುರಿಗೆ ತಂಗಿಯನ್ನು ಕೂರಿಸಿ ಅವಳ ಬಾಯಲ್ಲಿ ಹೇಳಿಸಿ, ಪಕ್ಕದಲ್ಲಿ ಸದ್ದಿಲ್ಲದೆ ಓಡುವ ಚಿತ್ರಕ್ಕೆ ಹೋಲಿಸುವುದು. ಬಿಡುಗಡೆಗೆ ಮುಂಚೆ ಒಂದು ಸಾಲೂ ಹೊರಗಿನವರ ಕಿವಿಗೆ ಬೀಳಬಾರದು ಎಂದು ಕಂಪನಿಗೆ ಸಹಿ ಮಾಡಿಕೊಟ್ಟಿದ್ದಳು. ಆದರೆ ಒಡಹುಟ್ಟಿದವಳು ಹೊರಗಿನವಳೇ?

ಆ ತಂಗಿಯೂ ‘ಮೂರನೇ ಕೀಲಿ’ಯ ನಾಯಕಿಗೆ ದನಿ ಕೊಡುತ್ತಿದ್ದವಳೇ. ಎರಡನೇ ಸೀಸನ್ನಿನ ನಡುವೆ ಮೇಡಂ ಅವಳನ್ನು ತೆಗೆದುಹಾಕಿದರು. ಆ ದಿನದಿಂದ ತಂಗಿ ಆ ಸೀರಿಯಲ್ಲನ್ನು ಕಣ್ಣೆತ್ತಿ ನೋಡಿಲ್ಲ. ಸಾಲು ಬದಲಾಗಿದ್ದು ಅವಳಿಗೆ ಗೊತ್ತೇ ಇಲ್ಲ. ದೇಶಕ್ಕೆಲ್ಲ ಗೊತ್ತಿರುವ ಮಾತನ್ನು ತಪ್ಪಾಗಿ ಬರೆಯಬಲ್ಲವಳು ಅವಳೊಬ್ಬಳೇ.

ಮೆಟ್ಟಿಲಿಳಿದು ಬಂದಾಗ ಬೀದಿ ಬದಿಯಲ್ಲಿ ಒಬ್ಬಳು ಹೆಂಗಸು ಕಾಯುತ್ತಿದ್ದಳು. ಕೈಯಲ್ಲಿ ಮಡಚಿದ ಗಂಡಸಿನ ಅಂಗಿ ತುಂಬಿದ ಚೀಲ.

“ನೀವೇನಾ ತುಟಿ ಟೀಚರ್ರು? ನಾನು ಆ ಕಾವಲುಗಾರರ ಮನೆಯೋಳು.”

ಟೀಚರ್ ಹೌದೆಂದು ತಲೆಯಾಡಿಸಿದಳು.

“ಆ ಮಾತೆಲ್ಲ ಬರೆಯೋರು ನೀವಂತೆ. ನಮ್ಮೋರು ನಿಮ್ಮ ಮಾತು ಹೇಳಿ ಹೇಳಿ ನನ್ನ ಹೆದರಿಸ್ತಿದ್ರು. ಅಡುಗೆಮನೆ ಬಾಗಿಲಲ್ಲಿ ನಿಂತು ದಪ್ಪ ದನೀಲಿ ‘ಒಳಗೆ ಯಾರೂ ಇಲ್ಲ’ ಅನ್ನೋರು. ನಾನು ಸೌಟು ತೋರಿಸ್ತಿದ್ದೆ.” ನಗಲು ನೋಡಿದಳು, ಆಗಲಿಲ್ಲ. “ಈಗ ಅಲ್ಲಿ ಯಾರೂ ಅವರ ಮಾತು ನಂಬ್ತಿಲ್ಲ. ಬರೆದೋರೇ ಬಂದು ಹೇಳಿದ್ರೆ ನಂಬ್ತಾರೇನೋ ಅಂತ ಬಂದೆ. ಹೇಳ್ತೀರಾ ಅಮ್ಮಾ?”

“ಈಗ ತಾನೇ ಹೇಳಿದೆ,” ಅಂದಳು ಟೀಚರ್.

“ನಿಮ್ಮ ಹೊಟ್ಟೆ ತಣ್ಣಗಿರಲಿ,” ಅಂದುಬಿಟ್ಟಳು ಆಕೆ, ಎರಡೂ ಕೈ ಹಿಡಿದುಕೊಂಡು.

ಛೀ, ಎಂಥ ಜನ್ಮ ತನ್ನದು ಅನಿಸಿತು ಟೀಚರಿಗೆ. ಅರ್ಧ ಸತ್ಯಕ್ಕೆ ಇಡೀ ಆಶೀರ್ವಾದ ತೆಗೆದುಕೊಂಡು ಅವಳು ಮನೆಯ ದಾರಿ ಹಿಡಿದಳು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಿಲ್ಲ.

ಮನೆಯಲ್ಲಿ ತಂಗಿ ಬೀರುವಿನ ಮುಂದೆ ಕಂಬಳಿ ಹೊದ್ದು ಕೂತಿದ್ದಳು. ಒಳಗಿನಿಂದ ಸ್ಪಷ್ಟ, ಸವಿ ದನಿ ಬರುತ್ತಿತ್ತು: “ಮೂರನೇ ಮಹಡಿ. ದಯವಿಟ್ಟು ದಾರಿ ಬಿಡಿ.” ಸೀರಿಯಲ್ ಹೋದ ಮೇಲೆ ಅವಳ ದನಿ ಲಿಫ್ಟುಗಳಲ್ಲಿ ವಾಸ. “ನಾಲ್ಕನೇ ಮಹಡಿ. ದಯವಿಟ್ಟು ದಾರಿ ಬಿಡಿ.” ಹೊರಗಿನ ಸದ್ದು ಮೈಕಿಗೆ ಬೀಳದಿರಲೆಂದು ಕಂಬಳಿ.

ಟೀಚರ್ ಕಂಬಳಿ ಎಳೆದಳು.

“ಅಯ್ಯೋ ಅಕ್ಕಾ! ಇನ್ನೂ ಹನ್ನೆರಡು ಮಹಡಿ ಬಾಕಿ ಇದೆ ಕಣೇ!”

“ಮಂಗಳವಾರ ಮೇಡಂ ಮನೆಗೆ ಯಾಕೆ ಹೋಗಿದ್ದೆ?”

ತಂಗಿಯ ಮುಖದ ನಗು ಇಳಿಯಿತು. ಹೋಗಿಲ್ಲ ಅನ್ನಲಿಲ್ಲ. ಮೈಕಿನ ಗುಂಡಿ ಒತ್ತಿ ಆರಿಸಿ, ಕಂಬಳಿ ಮಡಚಿ ಮಂಚದ ಮೇಲಿಟ್ಟಳು.

“ನಿಂಗೆ ಹೇಗೆ ಗೊತ್ತಾಯ್ತು?”

“ಕದ ತಟ್ಟಬೇಡ ಅಂತ ಬದಲಾಗಿತ್ತು ಕಣೇ ಆ ಸಾಲು.”

“ಓ,” ಅಂದಳು ತಂಗಿ. “ನಾನು ನೋಡ್ಲಿಲ್ಲವಲ್ಲ.”

ಇಬ್ಬರೂ ಊಟದ ಮೇಜಿನ ಎದುರು ಬದುರು ಕೂತರು. ಕೂತ ಮೇಲೆ ತಂಗಿ ತಾನಾಗಿಯೇ ಹೇಳಿದಳು.

“ನನ್ನ ಯಾಕೆ ತೆಗೆದ್ರಿ ಅಂತ ಕೇಳೋಕೆ ಒಂದು ವರ್ಷದಿಂದ ಫೋನ್ ಮಾಡ್ತಿದೀನಿ. ಒಂದ್ಸಲವೂ ಎತ್ತಲ್ಲ. ಮನೆ ಹತ್ರ ಹೋದ್ರೆ ಮನೇಲಿಲ್ಲ ಅಂತ ಹೇಳಿಸೋರು. ಒಳಗೆ ಟಿವಿ ಸದ್ದು ಕೇಳ್ತಿರುತ್ತೆ, ಮನೇಲಿಲ್ಲ! ಅದಕ್ಕೇ ಆ ಸಾಲನ್ನೇ ಪ್ರಿಂಟ್ ಮಾಡ್ಕೊಂಡು ಹೋದೆ. ನಿಮ್ಮ ಬಾಗಿಲಿಗೆ ನಿಮ್ಮದೇ ಮಾತು ಅಂಟಿಸಿ ಬರ್ತೀನಿ, ಓದಿಕೊಂಡು ನಾಚಿಕೆ ಪಡಲಿ ಅಂತ. ಮಕ್ಕಳಾಟ ಅನ್ನು. ಆದ್ರೆ ಹೊಟ್ಟೆ ಉರೀತಿತ್ತು ಅಕ್ಕಾ.”

“ಬಾಗಿಲಿಗೆ ಅಂಟಿಸಿದ್ಯಾ? ಒಳಗಲ್ವಾ?”

“ಹೊರಗೆ. ನಾನೆಲ್ಲಿ ಒಳಗೆ ಹೋದೆ? ಮೂರು ಗಂಟೆಗೆ ಬೆಲ್ ಒತ್ತಿದೆ. ತೆಗೀಲಿಲ್ಲ. ಅಂಟಿಸಿ ಬಂದೆ. ಆಮೇಲೆ ಅದು ಟಿವಿ ಮೇಲಿತ್ತು ಅಂತ ಪೇಪರಲ್ಲಿ ಓದಿ ಕೈಕಾಲು ತಣ್ಣಗಾಯ್ತು. ಯಾರಿಗೆ ಹೇಳಲಿ? ಹೇಳಿದ್ರೆ ನಂಬೋರ್ಯಾರು?”

ಟೀಚರ್ ಲೆಕ್ಕ ಹಾಕಿದಳು. ಮೂರು ಗಂಟೆಗೆ ಹಾಳೆ ಹೊರಗಿತ್ತು ಎಂದರೆ ಅದನ್ನು ಒಳಗೆ ಒಯ್ದವರು ಮೂರರ ಮೇಲೂ ಆ ಮನೆಯಲ್ಲಿದ್ದರು. ಕಾವಲುಗಾರ ಎರಡಕ್ಕೇ ಸಹಿ ಹಾಕಿ ಹೋಗಿದ್ದ. ತಂಗಿಯ ಈ ಒಂದು ಮಾತು ಸಾಕು, ಅವನು ಬಿಡುಗಡೆ. ಆದರೆ ಆ ಮಾತು ಪೊಲೀಸರಿಗೆ ಮುಟ್ಟಿದ ಕ್ಷಣವೇ ಲಾಕಪ್ಪಿನ ಬಾಗಿಲಲ್ಲಿ ಇವಳು ನಿಂತಿರುತ್ತಾಳೆ. ಅತ್ತ ದರಿ, ಇತ್ತ ಪುಲಿ.

ಅದಕ್ಕಿಂತ ಮುಂಚೆ ಇನ್ನೊಂದು ಮಾತು ಆಡಬೇಕಿತ್ತು. ಒಂದು ವರ್ಷದಿಂದ ಬಿಸಿತುಪ್ಪದಂತೆ ಬಾಯಲ್ಲಿಟ್ಟುಕೊಂಡ ಮಾತು.

“ನಿನ್ನ ತೆಗೆದದ್ದು ಮೇಡಂ ಅಲ್ಲ,” ಅಂದಳು ಟೀಚರ್. “ಅವರು ನನ್ನ ಕೇಳಿದ್ರು. ನಿನ್ನ ತಂಗಿ ದನಿ ಇಟ್ಕೊಳ್ಳೋಣವಾ, ಬದಲಾಯಿಸೋಣವಾ ಅಂತ. ನಿನ್ನ ತುಟಿ ತಪ್ತಿತ್ತು. ಒಂದೊಂದು ಸಾಲಿಗೆ ಹತ್ತು ಹತ್ತು ಟೇಕ್. ಎಲ್ಲರೂ ನನ್ನ ಮುಖ ನೋಡೋರು. ನನಗೆ ಅವಮಾನ ಆಗ್ತಿತ್ತು. ಬದಲಾಯಿಸಿ ಅಂದೆ. ನಾನು ಹೇಳಿದೆ ಅಂತ ಅವಳಿಗೆ ಹೇಳ್ಬೇಡಿ ಅಂತಲೂ ಅಂದೆ. ಅದಕ್ಕೇ ಅವರು ನಿನ್ನ ಫೋನ್ ಎತ್ತುತ್ತಿರಲಿಲ್ಲ. ನನ್ನ ಮಾತು ಉಳಿಸೋಕೆ.”

ತಂಗಿ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

“ನಂಗೆ ಹೇಳಬಹುದಿತ್ತಲ್ಲ,” ಅಂದಳು. “ತುಟಿ ತಪ್ಪುತ್ತಿದೆ ಕಣೇ, ಸರಿ ಮಾಡ್ಕೋ ಅಂತ. ಊರಿಗೆಲ್ಲ ತುಟಿ ಟೀಚರ್ರು ನೀನು.”

ಟೀಚರಿಗೆ ಅಳು ಬಂತು. ಅತ್ತಳು. ತಂಗಿ ಸಮಾಧಾನ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ.

“ಆ ಮನುಷ್ಯನಿಗೆ ಹೆಂಡತಿ ಇದಾಳಾ?”

“ಇದಾಳೆ. ಇವತ್ತು ನನ್ನ ಕೈ ಹಿಡ್ಕೊಂಡು ಹರಸಿ ಹೋದಳು.”

“ಹಾಗಾದ್ರೆ ಫೋನ್ ಮಾಡು. ನಾನು ಬಂದು ಹೇಳ್ತೀನಿ. ಎಷ್ಟಾದ್ರೂ ನಾನು ಅಂಟಿಸಿದ ಹಾಳೆ ತಾನೇ.” ತಂಗಿ ಮೂಗು ಒರೆಸಿಕೊಂಡಳು. “ಮತ್ತೆ ನಾನೇನು ಕೊಂದಿದೀನಾ? ಮೂರು ಗಂಟೆಗೆ ಅವರು ಚೆನ್ನಾಗೇ ಇದ್ದರಲ್ಲ.”

“ನಿಂಗೆ ಹೇಗೆ ಗೊತ್ತು?”

“ಬೆಲ್ ಒತ್ತಿದಾಗ ಒಳಗಿಂದ ಮಾತಾಡಿದ್ರಲ್ಲ. ‘ಯಾರದು? ಈಗಾಗಲ್ಲ, ಆಮೇಲೆ ಬನ್ನಿ’ ಅಂತ. ಅದೇ ಮೂಗಿನ ದನಿ, ಅದೇ ಎಳೆತ.”

ಟೀಚರಿಗೆ ಹೋದ ಜೀವ ಬಂದಂತಾಯಿತು. ಮೇಡಂ ಮೂರಕ್ಕೆ ಬದುಕಿದ್ದರು! ಕಾವಲುಗಾರನೂ ಬಚಾವು, ತಂಗಿಯೂ ಬಚಾವು. ಬಾಗಿಲಿಗೆ ಹಾಳೆ ಅಂಟಿಸಿದ್ದೇನು ಗಲ್ಲಿಗೇರಿಸುವ ಅಪರಾಧವೇ? ಇಷ್ಟು ಸಣ್ಣ ಸತ್ಯಕ್ಕೆ ಮೂರು ದಿನ ಇಷ್ಟು ಹೆದರಿದೆನಲ್ಲ, ದಡ್ಡಿ ಅಂದರೆ ನಾನೇ ಎಂದುಕೊಂಡು ಕಣ್ಣೊರೆಸಿ ಫೋನ್ ತೆಗೆದಳು.

ಇನ್‌ಸ್ಪೆಕ್ಟರಮ್ಮ ಒಂದೇ ರಿಂಗಿಗೆ ಎತ್ತಿದರು. ಟೀಚರ್ ಉಸಿರು ಬಿಡದೆ ಎಲ್ಲ ಹೇಳಿದಳು. ಊಟದ ಮೇಜು, ತಂಗಿ, ಹೊರಗಿನ ಬಾಗಿಲು, ಮೂರು ಗಂಟೆ, ಒಳಗಿನಿಂದ ಬಂದ ದನಿ. ಒಂದನ್ನೂ ಮುಚ್ಚಿಡಲಿಲ್ಲ.

ಆ ಕಡೆ ಕಾಗದ ಮಗುಚಿದ ಶಬ್ದ ಕೇಳಿಸಿತು.

“ಮೇಡಂ ದನಿ ಅಂತ ನಿಮ್ಮ ತಂಗಿಗೆ ಗ್ಯಾರಂಟೀನಾ?”

“ಎಂಟು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದಾಳೆ. ತಪ್ಪೋ ಮಾತೇ ಇಲ್ಲ.”

“ಟೀಚರ್, ಡಾಕ್ಟರ್ ವರದಿ ಬಂದು ಹತ್ತು ನಿಮಿಷ ಆಯ್ತು. ನಿಮ್ಮ ಮೇಡಂ ಹೋಗಿದ್ದು ಹನ್ನೊಂದರಿಂದ ಹನ್ನೆರಡರ ಒಳಗೆ. ಮೂರು ಗಂಟೆಗೆ ಆ ಬಾಗಿಲ ಹಿಂದೆ ಯಾರಾದ್ರೂ ಮಾತಾಡಿದ್ರೆ,” ಇನ್‌ಸ್ಪೆಕ್ಟರಮ್ಮ ಒಂದೊಂದೇ ಪದ ಬಿಡಿಸಿ ಹೇಳಿದರು, “ಅದು ನಿಮ್ಮ ಮೇಡಂ ಅಲ್ಲ. ಅವರ ದನಿ ತೆಗೆಯೋಕೆ ಬರೋರು ಯಾರೋ. ಇಲ್ಲ, ಯಾರೂ ಮಾತಾಡೇ ಇಲ್ಲ, ನಿಮ್ಮ ತಂಗಿ ಕಥೆ ಕಟ್ಟುತ್ತಿದಾರೆ. ಎರಡರಲ್ಲಿ ಒಂದು. ನೀವೇ ಹೇಳಿ. ನಿಮ್ಮ ಮೇಡಂ ದನೀನ, ಎಂಟು ವರ್ಷ ಪಳಗಿದೋರೂ ಮೋಸ ಹೋಗೋ ಹಾಗೆ ತೆಗೆಯೋರು ಯಾರಾದ್ರೂ ಇದಾರಾ?”

ಕಂಪನಿಯ ವಾರ್ಷಿಕ ಕೂಟದಲ್ಲಿ ದೀಪ ಆರಿಸಿ, ಪರದೆಯ ಹಿಂದಿನಿಂದ ಮೇಡಂ ದನಿಯಲ್ಲಿ “ಯಾಕ್ರೀ ಇನ್ನೂ ರೆಕಾರ್ಡಿಂಗ್ ಶುರು ಮಾಡಿಲ್ಲ?” ಎಂದು ಗದರಿಸಿ, ಖಳಣ್ಣನ ಕೈಯಿಂದ ಲೋಟ ಬೀಳಿಸಿದವಳೊಬ್ಬಳಿದ್ದಳು. ಮೇಡಮ್ಮೇ ಬಿದ್ದು ಬಿದ್ದು ನಕ್ಕಿದ್ದರು. ಆ ದನಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಬಾಗಿಲ ಹಿಂದೆ ಮಾತಾಡಿದವಳೂ ಮುಂದೆ ನಿಂತು ಕೇಳಿದವಳೂ ಒಬ್ಬಳೇ ಆಗಲು ಸಾಧ್ಯವೇ?

ಮೇಜಿನ ಆಚೆಯಿಂದ ತಂಗಿ ಮುಂದಕ್ಕೆ ಬಾಗಿದಳು. “ಏನಂತೆ ಅಕ್ಕಾ? ಆ ಮನುಷ್ಯನ್ನ ಬಿಡ್ತಾರಂತಾ?”

“ಟೀಚರ್? ಕೇಳಿಸ್ತಿದೆಯಾ?” ಫೋನಿನಲ್ಲಿ ಇನ್‌ಸ್ಪೆಕ್ಟರಮ್ಮ.

“ಬಿಡ್ತಾರೆ,” ಅಂದಳು ಟೀಚರ್ ತಂಗಿಯ ಕಡೆ ನೋಡಿ. ಆಮೇಲೆ ಫೋನನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡಳು.

“ಒಬ್ಬಳಿದಾಳೆ. ಈಗ ನನ್ನೆದುರೇ ಕೂತಿದಾಳೆ.”